ತುಟಿ ಹೊಲಿದರೆ ಬಾಯಿ ಬಂತೇ?

2019ರ ಡಿಸೆಂಬರ್ 26ರಂದು ಸೂರ್ಯನಿಗೆ ಗ್ರಹಣ ಹಿಡಿದಾಗ ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣದ ಹೊತ್ತಿನಲ್ಲಿ ಹಂಗ ಹೂತರೆ ಊನ ಹೋಗುತ್ತದೆ ಎಂಬ ನಂಬಿಕೆ. ಗ್ರಹಣ ಬಿಟ್ಟಿತು, ಊನ ಬಿಡಲಿಲ್ಲ. ಪತ್ರಿಕೆಗಳು ಫೋಟೋ ಹಾಕಿದವು. ಪಟ್ಟಣದ ಓದಿದ ಮಂದಿ 'ಎಂಥಾ ಮೌಢ್ಯ ನೋಡ್ರಿ' ಎಂದು ನಕ್ಕು ಚಹಾ ಕುಡಿದರು. 2017ರಲ್ಲಿ ಪಾಸಾಗಿದ್ದ ಮೌಢ್ಯ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು.

ಕಾಯ್ದೆ ಬೇಕು. ಆದರೆ ಆ ನಗು ನಮ್ಮಿಂದ ಆಗದು. ನಾವು ಆ ಮಣ್ಣು ಅಗೆದವರ ಪೈಕಿ. ಆಳಂದ, ಅಫಜಲಪುರ, ಜೇವರ್ಗಿಯ ಕೇರಿಗಳಿಂದ ಮೊದಲ ಸಲ ಡಿಗ್ರಿ ಕಾಗದ ಹಿಡಿದು ಹೊರಬಂದವರು. ತಾಜಸುಲ್ತಾನಪುರಕ್ಕೆ ಕಲಬುರಗಿಯ ದೊಡ್ಡ ದೊಡ್ಡ ದವಾಖಾನಿಗಳು ದೂರವೇನಲ್ಲ. ಹತ್ತಿರ ಇರುವುದೇ ಬೇರೆ, ಕೈಗೆ ಸಿಗುವುದೇ ಬೇರೆ. ಈ ಎರಡರ ನಡುವಿನ ಕಂದಕದಲ್ಲಿಯೇ ಆ ಮಕ್ಕಳನ್ನು ಹೂತದ್ದು.

ಇದೇ ಗ್ರಹಣಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಕೇಸೂ ಇದೆ. ತುಟಿ ಸೀಳಿದ ಕೂಸು ಹುಟ್ಟಿತೆಂದರೆ ಊರಿಗೆ ಊರೇ ಕೊಡುವ ತೀರ್ಪು ಒಂದೇ: 'ಗ್ರಾಣ ಬಡದದ.' ಹೆಸರು ಗ್ರಹಣದ್ದು, ಕಟಕಟೆಯಲ್ಲಿ ನಿಲ್ಲುವವಳು ಮಾತ್ರ ಬಾಣಂತಿ. 'ಗ್ರಾಣದಾಗ ಹೊರಗ ಬಂದಿದ್ದೇನು? ಕುಡಗೋಲ ಮುಟ್ಟಿದ್ದೇನು? ಕಾಯಿಪಲ್ಯೆ ಹೆಚ್ಚಿದ್ದೇನು?' ಅತ್ತಿ ಕೇಳುತ್ತಾಳೆ, ಗಂಡ ಕೇಳುತ್ತಾನೆ, ತೊಟ್ಟಿಲು ನೋಡಲು ಬಂದವರೂ ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಮುಟ್ಟಿದ್ದಳು. ಗೌಡರ ಹೊಲದಲ್ಲಿ ತೊಗರಿ ಕೊಯ್ಯುವವಳ ಕೈಯಲ್ಲಿ ಕುಡಗೋಲು ಇರದೆ ಪಂಚಾಂಗ ಇರುತ್ತದೆಯೇ?

ಆ ತಾಯಿಯ ಪರವಾಗಿ ನಾವು ಸಾಕ್ಷಿ ಹೇಳುತ್ತೇವೆ. ಕೇಳಿರಿ.

ಹೊಟ್ಟೆಯೊಳಗಿನ ಕೂಸಿನ ಮುಖ ಬೇರೆ ಬೇರೆ ತುಂಡುಗಳಾಗಿ ಬೆಳೆದು ಆಮೇಲೆ ಕೂಡಿಕೊಳ್ಳುತ್ತದೆ. ತುಟಿ ಕೂಡುವುದು 4ರಿಂದ 7ನೆಯ ವಾರದೊಳಗೆ. ಬಾಯಿಯ ಮಾಳಿಗೆ, ಅಂದರೆ ಅಂಗುಳ, ಕೂಡುವುದು 6ರಿಂದ 9ನೆಯ ವಾರದೊಳಗೆ. ಆ ಹೊತ್ತಿನಲ್ಲಿ ಕೂಡದೆ ಉಳಿದರೆ ಅದೇ ಸೀಳುತುಟಿ, ಅದೇ ಸೀಳಂಗುಳ. ಮುಟ್ಟು ನಿಂತದ್ದು ಗಟ್ಟಿಯಾಗುವ ಹೊತ್ತಿಗೆ ತುಟಿಯ ಕೆಲಸ ಮುಗಿದೇ ಹೋಗಿರುತ್ತದೆ. ಐದನೆಯ ತಿಂಗಳಲ್ಲಿ ಹಿಡಿದ ಗ್ರಹಣ ಮೂರು ತಿಂಗಳು ಹಿಂದಕ್ಕೆ ಹೋಗಿ ತುಟಿ ಸೀಳುತ್ತದೆಯೇ?

1980ರ ಫೆಬ್ರುವರಿ 16ರಂದು ಖಗ್ರಾಸ ಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಹೋಯಿತು. ಅಂದು ಆ ಊರುಗಳಲ್ಲಿ ಬಸುರಿಯರು ಕಡಿಮೆಯಿದ್ದರೇ? ಗ್ರಹಣದ ಮಾತು ನಿಜವಾಗಿದ್ದರೆ ಆ ವರ್ಷ ಹುಟ್ಟಿದ ಒಂದು ಪೀಳಿಗೆಯೇ ಅಲ್ಲಿ ಸೀಳುತುಟಿಯದಾಗಿರಬೇಕಿತ್ತು. ಆಗಲಿಲ್ಲ. ಜಗತ್ತಿನಲ್ಲಿ ಸುಮಾರು 700 ಕೂಸುಗಳಿಗೆ ಒಂದು ಹೀಗೆ ಹುಟ್ಟುತ್ತದೆ. ಗ್ರಹಣದ ಹೆದರಿಕೆ ಇರುವ ದೇಶದಲ್ಲೂ ಹುಟ್ಟುತ್ತದೆ, ಇಲ್ಲದ ದೇಶದಲ್ಲೂ ಹುಟ್ಟುತ್ತದೆ. ವಂಶದಿಂದ ಬರುವುದುಂಟು. ತಂಬಾಕಿನ ಹೊಗೆ, ಮೂರ್ಛೆರೋಗದ ಕೆಲವು ಗುಳಿಗೆ, ತಾಯಿಯ ಮೈಯಲ್ಲಿ ಫೋಲಿಕ್ ಆಮ್ಲದ ಕೊರತೆ, ರಕ್ತಸಂಬಂಧದ ಮದುವೆ ಇವೆಲ್ಲ ಅಪಾಯ ಹೆಚ್ಚಿಸುತ್ತವೆ ಎಂದು ವೈದ್ಯರು ಎಣಿಸುತ್ತಾರೆ. ಬಹಳ ಸಲ ಒಂದೇ ಕಾರಣವೆಂದು ಬೆರಳು ತೋರಿಸಲು ಬರುವುದಿಲ್ಲ. ತಾಯಿಯತ್ತ ಬೆರಳು ತೋರಿಸಲಂತೂ ಬರುವುದೇ ಇಲ್ಲ.

ಗ್ರಹಣ ಹೋದರೆ ಅದರ ಅಣ್ಣ ಬರುತ್ತಾನೆ: ಕರ್ಮ. 'ಹಿಂದಿನ ಜನ್ಮದ ಪಾಪ, ಏನ್ ಮಾಡಾಕ ಬರ್ತದ?' ಗೆಳೆಯರೇ, ಈ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ನಮ್ಮ ಮುತ್ಯಾನಿಗೆ ಬಾವಿಯ ನೀರು ಯಾಕಿಲ್ಲ ಎಂದಾಗ ಕೇಳಿದ್ದೇವೆ. ನಮ್ಮ ಆಯಿ ಗುಡಿಯ ಹೊರಗೆ ಯಾಕೆ ನಿಲ್ಲಬೇಕು ಎಂದಾಗ ಕೇಳಿದ್ದೇವೆ. ಒಬ್ಬನ ಹುಟ್ಟನ್ನೇ ಅವನ ಮೇಲಿನ ಅಪರಾಧಪತ್ರ ಮಾಡುವ ವಿದ್ಯೆ ಅದು. ಜಾತಿಯ ವಿಷಯದಲ್ಲಿ ಆ ಕಾಗದವನ್ನು ಹರಿದು ಹಾಕಿದ ನಾವು, ನಮ್ಮದೇ ಕೇರಿಯ ಕೂಸಿನ ತುಟಿಯ ವಿಷಯದಲ್ಲಿ ಅದನ್ನು ಮತ್ತೆ ಅಂಟಿಸಿ ಓದಬಹುದೇ?

ಇನ್ನು ಎರಡನೆಯ ಮಾತು. ಇದು ಮೌಢ್ಯದವರಿಗಲ್ಲ, ದಯಾಳುಗಳಿಗೆ.

ಉತ್ತರಪ್ರದೇಶದ ಮಿರ್ಜಾಪುರದ ಕಡೆಯ ಪಿಂಕಿ ಎಂಬ ಹುಡುಗಿಯ ಸೀಳುತುಟಿ ಹೊಲಿದ ಕಥೆ 'ಸ್ಮೈಲ್ ಪಿಂಕಿ' ಎಂಬ ಸಾಕ್ಷ್ಯಚಿತ್ರವಾಗಿ 2009ರಲ್ಲಿ ಆಸ್ಕರ್ ಪಡೆಯಿತು. ಜಗತ್ತು ಕಣ್ಣು ಒರೆಸಿಕೊಂಡಿತು. 1999ರಲ್ಲಿ ಹುಟ್ಟಿದ ಸ್ಮೈಲ್ ಟ್ರೇನ್‌ನಂಥ ಸಂಸ್ಥೆಗಳ ನೆರವಿನಿಂದ ಸಾವಿರ ಸಾವಿರ ಬಡವರ ಮಕ್ಕಳಿಗೆ ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆ ಆಗಿದೆ. ಆ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಂಪಿನ ಗೋಡೆಗೆ ಹಾಕುವ ಆ ಎರಡು ಫೋಟೋ ಇವೆಯಲ್ಲ, ಮೊದಲಿನದೊಂದು, ಆಮೇಲಿನದೊಂದು, ಅವುಗಳ ಮೇಲೆ ನಮ್ಮ ತಕರಾರಿದೆ. ಎರಡರಲ್ಲೂ ತುಟಿ ಮಾತ್ರ ಕಾಣುತ್ತದೆ. ಬಾಯಿ ತೆರೆಸಿ ಮೂರನೆಯ ಫೋಟೋ ಯಾರೂ ತೆಗೆಯುವುದಿಲ್ಲ.

ತೆರೆದರೆ ಏನು ಕಾಣುತ್ತದೆ? ಸೀಳು ವಸಡಿನೊಳಗೂ ಹೋಗಿದ್ದರೆ ಮುಂದಿನ ಹಲ್ಲಿನ ಪಕ್ಕದ ಹಲ್ಲು ಹುಟ್ಟಿರುವುದೇ ಇಲ್ಲ, ಇಲ್ಲವೇ ಮೊಳೆಯಂತೆ ಚೂಪಾಗಿ ಹುಟ್ಟಿರುತ್ತದೆ. ಕೆಲವರಿಗೆ ಲೆಕ್ಕಕ್ಕಿಂತ ಹೆಚ್ಚಿನ ಹಲ್ಲು. ಹಲ್ಲಿನ ಮೇಲಿನ ಹೊದಿಕೆ ತೆಳು, ಸೊಟ್ಟ ಹಲ್ಲಿನ ಸಂದಿಗೆ ಕಡ್ಡಿ ಹೋಗದು, ಹುಳುಕು ಬೇಗ. ಅಂಗುಳ ಹೊಲಿದ ಕಲೆ ಬಿಗಿಯುವುದರಿಂದ ಮೇಲಿನ ದವಡೆ ಅಗಲವಾಗಿ ಬೆಳೆಯುವುದಿಲ್ಲ. ಮೇಲಿನ ಹಲ್ಲು ಒಳಗೆ, ಕೆಳಗಿನ ಹಲ್ಲು ಹೊರಗೆ. ಕಟಕ ರೊಟ್ಟಿ ಕಡಿಯಲು ಹಲ್ಲಿಗೆ ಹಲ್ಲು ಕೂಡಬೇಕಲ್ಲ? ಕೂಡುವುದಿಲ್ಲ.

ಆದ್ದರಿಂದ ಈ ಚಿಕಿತ್ಸೆ ಒಂದು ದಿನದ್ದಲ್ಲ, ಒಂದು ಬಾಲ್ಯದ್ದು. ತುಟಿ ಹೊಲಿಯುವುದು 3ರಿಂದ 6 ತಿಂಗಳಿಗೆ. ಅಂಗುಳ ಮುಚ್ಚುವುದು 9ರಿಂದ 18 ತಿಂಗಳೊಳಗೆ. ಆಮೇಲೆ ಮಾತು ಕಲಿಸುವ ಚಿಕಿತ್ಸೆ, ಸೋರುವ ಕಿವಿಯ ತಪಾಸಣೆ. 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಎಲುಬಿನ ಚೂರು ತೆಗೆದು ವಸಡಿನ ಸೀಳು ತುಂಬಬೇಕು. ಆ ಹಲ್ಲಿಗೆ ನಿಲ್ಲಲು ನೆಲ ಬೇಕಲ್ಲ. ಆಮೇಲೆ ವರ್ಷಗಟ್ಟಲೆ ಹಲ್ಲಿಗೆ ತಂತಿ. ಮುಖದ ಬೆಳವಣಿಗೆ ನಿಂತ ಮೇಲೆ, 18ರ ಆಚೀಚೆ, ಬೇಕಾದವರಿಗೆ ದವಡೆಯ ಶಸ್ತ್ರಚಿಕಿತ್ಸೆ. ಇದು ಪೂರಾ ಪಟ್ಟಿ. ಕ್ಯಾಂಪಿನ ಫೋಟೋದಲ್ಲಿ ಇದರ ಮೊದಲ ಸಾಲು ಮಾತ್ರ ಇದೆ.

ನಮ್ಮ ಮನೆಯದನ್ನೇ ಹೇಳುತ್ತೇವೆ. ನಮ್ಮ ತಂಗಿ ತುಟಿ ಮತ್ತು ಅಂಗುಳ ಎರಡೂ ಸೀಳಿ ಹುಟ್ಟಿದಳು. ಅಂಗುಳ ಸೀಳಿದ ಕೂಸಿಗೆ ಮೊಲೆ ಚೀಪಲು ಬರುವುದಿಲ್ಲ, ಹಾಲು ಮೂಗಿನಲ್ಲಿ ಬರುತ್ತದೆ. ಹಾಲು ಹಿಂಡಿ, ಕೂಸನ್ನು ನೆಟ್ಟಗೆ ಕೂಡಿಸಿಕೊಂಡು, ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಇಷ್ಟು ಹೇಳಲು ಅವ್ವನಿಗೆ ಯಾರೂ ಸಿಗಲಿಲ್ಲ. ಕೂಸು ಸೊರಗಿತು. ತುಟಿ ಹೊಲಿಯಲು ಶಸ್ತ್ರವೈದ್ಯರಿಗೆ ಹಳೆಯದೊಂದು ಹತ್ತರ ಲೆಕ್ಕವಿದೆ: 10 ವಾರ ತುಂಬಿರಬೇಕು, 10 ಪೌಂಡು, ಅಂದರೆ ನಾಲ್ಕೂವರೆ ಕಿಲೊ ತೂಗಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಕೂಸಿನ ಜೀವ ಉಳಿಸುವ ಲೆಕ್ಕವದು, ತಪ್ಪಲ್ಲ. ಆದರೆ ವಾರ ತಾನಾಗಿ ತುಂಬುತ್ತದೆ, ತೂಕ ಮತ್ತು ರಕ್ತ ಕೂಲಿಯವರ ಮನೆಯಲ್ಲಿ ತಾನಾಗಿ ತುಂಬುವುದಿಲ್ಲ. 'ರಕ್ತ ಕಮ್ಮಿ ಅದ, ಮುಂದಿನ ಕ್ಯಾಂಪಿಗೆ ಬರ್ರಿ' ಎಂದು ಎರಡು ಸಲ ತಿರುಗಿ ಕಳಿಸಿದರು. ತುಟಿ ಹೊಲಿದದ್ದು ಎರಡು ವರ್ಷಕ್ಕೆ, ಅಂಗುಳ ಮುಚ್ಚಿದ್ದು ಐದಕ್ಕೆ.

ಹಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ಹದಿಮೂರರ ಸುಮಾರಿಗೆ ನಾವೇ ಓದಿ ತಿಳಿದು ಒಂದು ದವಾಖಾನಿಗೆ ಕರೆದೊಯ್ದೆವು. ಕೌಂಟರಿನವರು ಕಾರ್ಡು ತಿರುವಿ ನೋಡಿ ಹೇಳಿದರು: 'ತಂತಿ ಇದರಾಗ ಬರಲ್ಲರಿ, ಅದು ಚಂದಕ್ಕ ಹಾಕೋದು.'

ಚಂದಕ್ಕೆ! ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ನುಂಗುವ ಹುಡುಗಿಗೆ ಚಂದಕ್ಕೆ! ಸಾಲಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಹಾಜರಿ ಹೇಳಿದವಳಿಗೆ ಚಂದಕ್ಕೆ! ಉಳ್ಳವರ ಮಗಳು ತಂತಿ ಹಾಕಿಸಿಕೊಂಡರೆ ಚಿಕಿತ್ಸೆ, ನಮ್ಮ ಹುಡುಗಿ ಕೇಳಿದರೆ ಶೋಕಿ. ಈ ನಿಘಂಟು ಬರೆದವರು ಯಾರು?

ಈಗ ಸರಕಾರದ ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳ ಹೆಸರು ಹಿಡಿದು ಬರೆದಿವೆ. ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸಾಲಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ನೋಡಬೇಕು. ಕಾಗದ ಚಲೋ ಇದೆ. ಆದರೆ ತಂಡ ಬಂದ ದಿನ ನಮ್ಮ ಮಕ್ಕಳು ಎಲ್ಲಿರುತ್ತಾರೆ? ಗುಳೆ ಹೋದ ಅವ್ವ ಅಪ್ಪನ ಸಂಗಡ ಪುಣೆಯ ಕಟ್ಟಡದ ಬುಡದಲ್ಲೋ ಮುಂಬಯಿಯ ಜೋಪಡಿಯಲ್ಲೋ ಇರುತ್ತಾರೆ. ಈ ಕಾರ್ಯಕ್ರಮದ ಬಾಗಿಲು 18 ವರ್ಷಕ್ಕೆ ಮುಚ್ಚುತ್ತದೆ. ದವಡೆಯ ಶಸ್ತ್ರಚಿಕಿತ್ಸೆಗೆ ವಯಸ್ಸು ಬರುವುದೇ ಆವಾಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಎಣಿಸಿತು. ಅದರಲ್ಲಿ ಸೀಳುತುಟಿಯ ಹೆಸರಿಲ್ಲ.

2002ರ ನಂಜುಂಡಪ್ಪ ವರದಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿವೆ. 2012ರಲ್ಲಿ 371(ಜೆ)ಗಾಗಿ ಸಂವಿಧಾನ ತಿದ್ದಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಬದಲಿಸಿದವರನ್ನು ಒಂದೇ ಕೇಳುತ್ತೇವೆ: ಮಾತು ಕಲಿಯಬೇಕಾದ ನಮ್ಮ ಕೂಸು ಇವತ್ತಿಗೂ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಹೆಸರು ಕೇಳಿ ಸುಮ್ಮನಾಗಬೇಕೇ? ಧಾರವಾಡದಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಸೀಳುತುಟಿಗೆ ಒಳ್ಳೆಯ ಕೇಂದ್ರಗಳಿವೆ. ಚಿಕಿತ್ಸೆ ಪುಕ್ಕಟೆ ಇರಬಹುದು. ಹತ್ತು ಸಲದ ಬಸ್ಸಿನ ಚಾರ್ಜು ಪುಕ್ಕಟೆಯಲ್ಲ, ಮುಳುಗಿದ ಹಾಜರಿ ಪುಕ್ಕಟೆಯಲ್ಲ.

ಕಡೆಯ ಮಾತು ನಮ್ಮವರಿಗೆ, ಅಂದರೆ ನಮಗೇ.

ಬಾಬಾಸಾಹೇಬರು 1920ರಲ್ಲಿ ಪತ್ರಿಕೆ ತೆಗೆದಾಗ 'ಮೂಕನಾಯಕ' ಎಂದು ಹೆಸರಿಟ್ಟರು. ಅಂದಿನಿಂದ ನಾವು ಬಾಯಿ, ನಾಲಿಗೆ, ಮೂಕತನ ಎಂದು ಎಷ್ಟು ಪದ್ಯ ಬರೆದಿಲ್ಲ! ನಮ್ಮ ಚೀಲದಲ್ಲೇ 'ಹೊಲಿದ ತುಟಿ' ಎಂಬ ರೂಪಕ ನಾಲ್ಕು ಕಡೆ ಇದೆ. ನಿಜವಾಗಿ ತುಟಿ ಹೊಲಿಸಿಕೊಂಡ ತಂಗಿ ಪಕ್ಕದಲ್ಲೇ ಕೂತು ಅದನ್ನು ಕೇಳಿದಳು. ನಮಗೆ ನಾಚಿಕೆಯಾದದ್ದು ಆಮೇಲೆ.

ಅಂಗುಳ ಸರಿಯಾಗಿ ಮುಚ್ಚದಿದ್ದರೆ ಉಸಿರು ಬಾಯಲ್ಲಿ ನಿಲ್ಲುವುದಿಲ್ಲ, ಮೂಗಿನಿಂದ ಸೋರುತ್ತದೆ. 'ಮ' ಬರುತ್ತದೆ, 'ನ' ಬರುತ್ತದೆ. 'ಪ' ಬರುವುದಿಲ್ಲ, 'ಬ' ಬರುವುದಿಲ್ಲ. 'ಅಪ್ಪ' ಎಂದರೆ 'ಅಮ್ಮ' ಎಂದಂತೆ ಕೇಳುತ್ತದೆ. ಏಪ್ರಿಲ್ 14ರಂದು ನಮ್ಮ ಓಣಿಯ ಹುಡುಗರೆಲ್ಲ ಮುಷ್ಟಿ ಎತ್ತಿ ಜೈ ಭೀಮ್ ಎಂದು ಕೂಗುವಾಗ ನಮ್ಮ ತಂಗಿಯೂ ಮುಷ್ಟಿ ಎತ್ತುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಒಮ್ಮೆ ತೆರೆದಿದ್ದಳು. 'ಮೀಮ್' ಎಂದು ಕೇಳಿಸಿತು. ನಕ್ಕವರು ಮೇಲಿನ ಓಣಿಯವರಲ್ಲ, ನಮ್ಮವರೇ.

ಆದ್ದರಿಂದ ನಾವು ಕೇಳುವುದು ಇಷ್ಟು. ಹೆರಿಗೆಯಾದ ದಿನವೇ, ಕೂಸಿಗೆ ಹಾಲು ಕುಡಿಸುವುದು ಹೇಗೆಂದು ತಾಯಿಗೆ ಕೈ ಹಿಡಿದು ತೋರಿಸುವವರು ಬೇಕು. ತುಟಿಯಿಂದ ದವಡೆಯವರೆಗೆ, ಎಲುಬು ತುಂಬುವುದು, ಹಲ್ಲಿನ ತಂತಿ, ಮಾತಿನ ಚಿಕಿತ್ಸೆ ಎಲ್ಲವನ್ನೂ ಒಂದೇ ರೋಗದ ಒಂದೇ ಚಿಕಿತ್ಸೆಯೆಂದು ಬರೆದುಕೊಡಬೇಕು, 18ಕ್ಕೆ ಬಾಗಿಲು ಹಾಕಬಾರದು. ಸಂಗಡ ಹೋಗುವ ಅವ್ವ ಅಪ್ಪನಿಗೆ ಬಸ್ಸಿನ ಚಾರ್ಜು, ಮುಳುಗಿದ ಕೂಲಿ ಕಟ್ಟಿಕೊಡಬೇಕು. ಮೂರು ತಾಲೂಕಿನ ಮಕ್ಕಳ ಹಲ್ಲು ನೋಡಲು, ಮಾತು ತಿದ್ದಲು ತಾಲೂಕಿನಲ್ಲೇ ಗೊತ್ತಾದ ದಿನ, ಗೊತ್ತಾದ ವೈದ್ಯರು ಬೇಕು. ಇದು ಭಿಕ್ಷೆಯ ಪಟ್ಟಿಯಲ್ಲ. ತೊಗರಿ ಬೆಳೆದು ನಾಡಿಗೆ ಬ್ಯಾಳಿ ಕೊಟ್ಟವರು ಬಾಕಿ ಕೇಳುವ ಪಟ್ಟಿ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಗ್ರಹಣದ ದಿನ ನಾವು ಸಭೆಯಲ್ಲಿ ಪದ್ಯ ಓದುವುದಿಲ್ಲ. ಕೇರಿ ಕೇರಿಗೆ ಹೋಗಿ ಬಸುರಿಯರ ಅಂಗಳದಲ್ಲಿ ಕೂತು, ಕಾಯಿಪಲ್ಯೆ ಹೆಚ್ಚಿ, ಅವರ ಸಂಗಡ ರೊಟ್ಟಿ ತಿನ್ನುತ್ತೇವೆ. ತುಟಿ ಸೀಳಿದ ಕೂಸು ಎಲ್ಲಿ ಹುಟ್ಟಿದರೂ ಮೊದಲು ನಾವು ತೊಟ್ಟಿಲ ಹತ್ತಿರ ಹೋಗಿ ತಾಯಿಗೆ ಹೇಳುತ್ತೇವೆ: 'ಯವ್ವಾ, ನಿಂದೇನೂ ತಪ್ಪಿಲ್ಲ. ಚಮಚಾ ತಗೋ, ಕೂಸಿನ್ನ ನೆಟ್ಟಗ ಹಿಡಿ.'

ಮತ್ತು ಬರುವ ಏಪ್ರಿಲ್ 14ಕ್ಕೆ ನಮ್ಮ ತಂಗಿ ಹೇಗೆ ಕೂಗುತ್ತಾಳೋ ಹಾಗೇ ನಾವೂ ಕೂಗುತ್ತೇವೆ. ಅವಳ ಬಾಯಲ್ಲಿ 'ಬ' ನಿಲ್ಲುವ ತನಕ ನಮ್ಮ ಘೋಷಣೆಯೂ ಅರ್ಧವೇ.