ಮನೆಯ ಟಿಪ್ಪಣಿಗೆ ಯಾವ ತಂತ್ರಾಂಶ?



ಮಠದಲ್ಲಿ ಪ್ರವಚನ ನಡೆಯುವಾಗ ಹಿಂದೆ ಭಕ್ತರ ಮಡಿಲಲ್ಲಿ ನೋಟುಪುಸ್ತಕವಿರುತ್ತಿತ್ತು. ಈಗ ಮೊಬೈಲು ಕಾಣಬರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಮನೆಗಳಲ್ಲಿ ಬ್ಯಾರನ್ನಿಗೆ ತಂದ ಸೌದೆಯ ಲೆಕ್ಕ, ಹರಾಜು ಮಾರುಕಟ್ಟೆಯಲ್ಲಿ ಬೇಲುಗಳಿಗೆ ಬಿದ್ದ ತೂಕ ಮತ್ತು ಬೆಲೆ, ಕೃಷ್ಣರಾಜನಗರದ ಕಡೆಯ ಭತ್ತದ ಗದ್ದೆಯ ಖರ್ಚು, ಬೆಟ್ಟದಪುರದ ಮಲ್ಲಿಕಾರ್ಜುನನಿಗೆ ಹೊತ್ತ ಹರಕೆ, ಮಕ್ಕಳ ಲಿಂಗದೀಕ್ಷೆಯ ದಿನ, ಇವೆಲ್ಲವೂ ಈಗ ಆ ಚಿಕ್ಕ ಯಂತ್ರದೊಳಗೆ ಸೇರುತ್ತಿವೆ. ಟಿಪ್ಪಣಿಗೆಂದೇ ತಂತ್ರಾಂಶಗಳು ಹಲವಾರು ಉಂಟು. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಈ ತಿಂಗಳು ವಿಚಾರಿಸೋಣ.

ಬರೆದಿಡುವುದೂ ಬರೆದುದನ್ನು ಅಡಕಗೊಳಿಸುವುದೂ ನಮ್ಮ ಪರಂಪರೆಗೆ ಹೊಸತಲ್ಲ. ಒಂದೇ ವಚನರಾಶಿಯನ್ನು ನಮ್ಮ ಹಿರಿಯರು ಹಲವು ಬಗೆಯಲ್ಲಿ ಜೋಡಿಸಿದ್ದಾರೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಸ್ಥಲಗಳಾಗಿ ವಿಂಗಡಿಸಿದುದು ಒಂದು ಬಗೆ. ಶೂನ್ಯಸಂಪಾದನೆಯಲ್ಲಿ ಶರಣರ ಸಂವಾದವಾಗಿ ಹೆಣೆದುದು ಇನ್ನೊಂದು ಬಗೆ. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಲ್ಲಿ ಬಹುಮಟ್ಟಿಗೆ ವಚನಕಾರರನ್ನು ಅನುಸರಿಸಿದುದು ಮತ್ತೊಂದು ಬಗೆ. ಅಂಕಿತವೊಂದು ಇದ್ದುದರಿಂದಲೇ, ಗರಿ ಎಲ್ಲಿ ಬೆರೆತರೂ ವಚನವು ಯಾರದೆಂದು ಗುರುತಿಸಲು ಸಾಧ್ಯವಾಯಿತು. ಇಂದಿನ ತಂತ್ರಾಂಶಗಳು 'ಲೇಬಲ್', 'ಟ್ಯಾಗ್' ಎಂದು ಕರೆಯುವುದು ಇಂತಹುದೇ ಕೆಲಸವನ್ನು ಮಾಡುವ ಗುರುತು.

ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆಗಳಿಂದ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಮಾಡಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆ ಓಲೆಗಳು ಶತಮಾನಗಳ ಬಳಿಕವೂ ಅವರ ಕೈಗೆ ದಕ್ಕಿದುದು ಏತರಿಂದ? ಯಾರೋ ಅವನ್ನು ಪ್ರತಿಮಾಡಿದರು, ಯಾರೋ ಜೋಪಾನಮಾಡಿದರು, ಮತ್ತು ಕಟ್ಟು ಬಿಚ್ಚಿದವರಿಗೆ ಓದಲು ಬರುತ್ತಿತ್ತು. ನಮ್ಮ ಟಿಪ್ಪಣಿಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲನೆಯದು ಲಿಪಿ. 1998ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವೆರಡೂ ಗಣಕಯಂತ್ರದಲ್ಲಿ ಕನ್ನಡವನ್ನು ನೆಲೆಗೊಳಿಸಿದ ಉಪಕಾರಿಗಳು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಆದಕಾರಣ ಅಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಈ ತೊಡಕಿಲ್ಲ. ಇಂದಿನ ಮೊಬೈಲುಗಳೆಲ್ಲ ಅದನ್ನೇ ಬಳಸುತ್ತವೆ. ಮನೆಯಲ್ಲಿ ಹಳೆಯ ಕಡತಗಳಿದ್ದರೆ, ಅವನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳುಂಟು. ತಡಮಾಡದೆ ಮಾರ್ಪಡಿಸಿಕೊಳ್ಳುವುದು ಲೇಸು.

ಎರಡನೆಯದು ಹೊರದಾರಿ. ಬರೆದುದನ್ನೆಲ್ಲ ಒಟ್ಟಾಗಿ ಹೊರತೆಗೆಯಲು ಬಾರದ ತಂತ್ರಾಂಶವು ಬೀಗದ ಕೈ ಪರರಲ್ಲಿರುವ ಕಣಜದಂತೆ. 2008ರಿಂದ ಬಹು ಜನಪ್ರಿಯವಾಗಿದ್ದ ಎವರ್‌ನೋಟ್ 2023ರ ಕೊನೆಯಲ್ಲಿ ತನ್ನ ಉಚಿತ ಸೌಲಭ್ಯವನ್ನು 50 ಟಿಪ್ಪಣಿ, ಒಂದು ಪುಸ್ತಕಕ್ಕೆ ಸೀಮಿತಗೊಳಿಸಿತು. ಕಂಪನಿಗಳ ನಿಯಮ ಬದಲಾಗುವುದು ವ್ಯಾಪಾರದ ಸಹಜ ಗತಿ. ಹೊರದಾರಿ ಇದ್ದವರಿಗೆ ಅದರಿಂದ ಭಯವಿಲ್ಲ.

ಮೂರನೆಯದು ಹುಡುಕುವ ಸೌಕರ್ಯ. ಮೂರು ವರ್ಷದ ಹಿಂದಿನ ಬೇಲಿನ ತೂಕವನ್ನಾಗಲಿ, ಕಳೆದ ಶ್ರಾವಣದಲ್ಲಿ ಕೇಳಿದ ವಚನದ ಅರ್ಥವನ್ನಾಗಲಿ ಕನ್ನಡದ ಒಂದು ಪದದಿಂದ ಹುಡುಕಿದರೆ ಸಿಗಬೇಕು. ಬರವಣಿಗೆಯ ಚಿತ್ರ ತೆಗೆದಿಟ್ಟರೆ ಈ ಸೌಕರ್ಯವು ಸಾಮಾನ್ಯವಾಗಿ ತಪ್ಪುತ್ತದೆ. ಚಿತ್ರದ ಮೇಲೆ ಒಂದು ಸಾಲಿನ ಶೀರ್ಷಿಕೆಯನ್ನಾದರೂ ಬರೆಯಬೇಕು.

ಇನ್ನು ಆಯ್ಕೆಗೆ ಬರೋಣ. ದಿನಸಿಯ ಪಟ್ಟಿ, ಚಿಕ್ಕಪುಟ್ಟ ಲೆಕ್ಕ, ನೆನಪಿನ ಸೂಚನೆಗಳಿಗೆ ಗೂಗಲ್ ಕೀಪ್ ಸರಳವಾದುದು. ಲೇಬಲ್ ಹಚ್ಚಬಹುದು, ಒಂದೇ ಪಟ್ಟಿಯನ್ನು ಮನೆಯವರೆಲ್ಲ ಹಂಚಿಕೊಳ್ಳಬಹುದು. ಪುಸ್ತಕ, ವಿಭಾಗ, ಪುಟ ಎಂಬ ಕ್ರಮಕ್ಕೆ ಒಗ್ಗಿದ ಹಿರಿಯರಿಗೆ ಮೈಕ್ರೋಸಾಫ್ಟ್ ಒನ್‌ನೋಟ್ ಹಿತವಾಗುತ್ತದೆ. ವಚನಾಧ್ಯಯನದಲ್ಲಿ ತೊಡಗಿದವರಿಗೆ 2020ರಲ್ಲಿ ಬಂದ ಒಬ್ಸಿಡಿಯನ್ ತಕ್ಕುದು. ಅದು ಟಿಪ್ಪಣಿಗಳನ್ನು ನಮ್ಮ ಯಂತ್ರದಲ್ಲಿಯೇ ಸಾದಾ ಪಠ್ಯದ ಕಡತಗಳಾಗಿ ಇಡುತ್ತದೆ, ಜಾಲವಿಲ್ಲದೆಡೆಯಲ್ಲಿಯೂ ತೆರೆಯುತ್ತದೆ, ನಾಳೆ ಆ ತಂತ್ರಾಂಶವೇ ಇಲ್ಲದಾದರೂ ಕಡತಗಳನ್ನು ಓದಬಹುದು. ಆದರೆ ಪ್ರತಿ ತೆಗೆದಿಡುವ ಹೊಣೆ ನಮ್ಮದೇ. ವಾಟ್ಸಾಪಿನಲ್ಲಿ ತಮಗೆ ತಾವೇ ಸಂದೇಶ ಕಳುಹಿಸಿಕೊಳ್ಳುವ ರೂಢಿಯು ಅವಸರಕ್ಕೆ ಸರಿ. ಬಾಳಿಕೆಯ ಬರಹಕ್ಕೆ ಸಲ್ಲದು. ಯಾವುದನ್ನೇ ಆರಿಸಿದರೂ ಬ್ಯಾಂಕಿನ ರಹಸ್ಯ ಸಂಖ್ಯೆಗಳನ್ನು ಟಿಪ್ಪಣಿಯಲ್ಲಿ ಬರೆಯಕೂಡದು.

ಕೊನೆಯದಾದರೂ ಮುಖ್ಯವಾದ ಮಾತೊಂದುಂಟು. ಮನೆಯ ಹಿರಿಯರು ಲಿಂಗೈಕ್ಯರಾದ ಬಳಿಕ ಪೆಟ್ಟಿಗೆಯಲ್ಲಿದ್ದ ಪುಸ್ತಕವು ಮಕ್ಕಳ ಕೈಸೇರುತ್ತದೆ. ಬೀಗಹಾಕಿದ ಮೊಬೈಲಿನೊಳಗಿನ ಬರಹವು ಸೇರಲಾರದು. ಯಾರಿಗೆ ಸಾಲ ಕೊಟ್ಟಿದ್ದರು, ಯಾವ ಹರಕೆ ಬಾಕಿಯಿತ್ತು, ತಾಯಿ ಹಾಡುತ್ತಿದ್ದ ಹಾಡು ಯಾವುದು ಎಂಬುದೆಲ್ಲ ಅಲ್ಲಿಯೇ ಉಳಿದುಬಿಡುತ್ತದೆ. ಗೂಗಲ್ ಸಂಸ್ಥೆಯಂತೂ ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು 2023ರ ಡಿಸೆಂಬರಿನಿಂದ ಜಾರಿಗೊಳಿಸಿದೆ. ನಿಷ್ಕ್ರಿಯವಾದ ಖಾತೆಯ ಮಾಹಿತಿಯನ್ನು ನಂಬಿಕೆಯವರೊಬ್ಬರಿಗೆ ಒಪ್ಪಿಸುವ ಏರ್ಪಾಡೂ ಅದರಲ್ಲಿಯೇ ಇದೆ. ಅದನ್ನು ಇಂದೇ ಮಾಡಿಡುವುದು ವಿವೇಕ.

ಆದುದರಿಂದ ನಮ್ಮ ಸೂಚನೆ ಇಷ್ಟು: ಹತ್ತು ಟಿಪ್ಪಣಿಗಳನ್ನು ಒಂದು ತಂತ್ರಾಂಶದಲ್ಲಿ ಬರೆದು ಒಂದು ತಿಂಗಳು ಬಳಸಿ ನೋಡಿರಿ. ಅವನ್ನು ಹೊರತೆಗೆದು ಬೇರೊಂದು ಯಂತ್ರದಲ್ಲಿ ಓದಲು ಬಂದರೆ ಮುಂದುವರಿಸಿರಿ. ವರ್ಷಕ್ಕೊಮ್ಮೆ, ಬಸವ ಜಯಂತಿಯ ಆಸುಪಾಸಿನಲ್ಲಿ, ಅತ್ಯಗತ್ಯವಾದವನ್ನು ಕಾಗದಕ್ಕೆ ಇಳಿಸಿ ಮನೆಯ ಪೆಟ್ಟಿಗೆಯಲ್ಲಿಡಿರಿ; ಅದು ಎಲ್ಲಿದೆಯೆಂದು ಮಕ್ಕಳಿಗೆ ತಿಳಿಸಿರಿ. ಬರೆದವರಿಗೆ ಮಾತ್ರ ದಕ್ಕುವ ಬರಹವು ಅರ್ಧ ಬರಹ. ಮುಂದಿನವರಿಗೂ ದಕ್ಕಿದಾಗಲೇ ಅದು ದಾಸೋಹವಾಗುತ್ತದೆ.