ಮಗನಿಗೆ ಸರ್ಟಿಫಿಕೇಟು, ಅಪ್ಪನಿಗೆ ನೋಟೀಸು



ತಡಸ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಾಗ ನಿಮ್ಮ ಕೈಗೂ ಒಂದು ಚೀಟಿ ಬಂದಿರಬಹುದು. ‘ಸ್ವಂತ ಉದ್ಯೋಗಕ್ಕೆ ತರಬೇತಿ, ಊಟ ವಸತಿ ಉಚಿತ’ ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಕಾಲೇಜಿಗೆ ಹೋಗುವ ನಿಮ್ಮ ಮಗನಿಗೂ ಮಗಳಿಗೂ ಅಲ್ಲಿ ಇದೇ ಉಪದೇಶ: “ಬರೇ ಹೊಲಾ ನಂಬಿ ಕುಂತರ ಆಗೂದಿಲ್ಲ. ನೌಕರಿ ಬೇಡಬ್ಯಾಡ್ರಿ, ನೌಕರಿ ಕೊಡಾವ್ರು ಆಗ್ರಿ. ಉದ್ಯಮಿ ಆಗ್ರಿ.” ಮಾತು ಕೇಳಲು ಚಂದ ಐತಿ. ಹೇಳುವವರ ಮನಸ್ಸೂ ಕೆಟ್ಟದ್ದಲ್ಲ. ಆದರೆ ಈ ಮಾತಿನ ಒಳಗೆ ಅಡಗಿರುವ ಒಂದು ಅನ್ಯಾಯವನ್ನು ನಿಮ್ಮ ಮುಂದೆ ಬಿಚ್ಚಿಡಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇವೆ, ನಾವು ತರಬೇತಿಯ ವಿರೋಧಿಗಳಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಹಳ್ಳಿಯ ನಿರುದ್ಯೋಗಿ ಹುಡುಗರನ್ನು ಕರೆದು, ಅನ್ನ ಹಾಕಿ, ಕಸುಬು ಕಲಿಸಿ, ಆಮೇಲೆಯೂ ಅವರ ಬೆನ್ನಿಗೆ ನಿಲ್ಲುವ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, 2009ರಲ್ಲಿ ಕೇಂದ್ರ ಸರಕಾರವೇ ಇದನ್ನು ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ತರಬೇತಿ ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ನಮ್ಮ ಧಾರವಾಡದಲ್ಲಿ 1992ರಲ್ಲಿ ಉದ್ಯಮಶೀಲತೆ ಕಲಿಸಲೆಂದೇ ಸಿಡಾಕ್ ಕೇಂದ್ರ ಹುಟ್ಟಿತು. ಹೊಲಿಗೆ, ಮೋಟಾರು ರಿವೈಂಡಿಂಗ್, ಹೈನುಗಾರಿಕೆ ಕಲಿತು ನಾಲ್ಕು ಕಾಸು ಕಂಡ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ದುಡಿಮೆಯನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ.

ನಮ್ಮ ಪ್ರಶ್ನೆ ಬೇರೆ. ಆ ತರಬೇತಿಯಲ್ಲಿ ಮುಖ್ಯವಾಗಿ ಏನು ಕಲಿಸುತ್ತಾರೆ? ಲೆಕ್ಕ ಕಲಿಸುತ್ತಾರೆ. ಕಚ್ಚಾ ಮಾಲು ಎಷ್ಟು, ಕರೆಂಟು ಎಷ್ಟು, ಕೂಲಿ ಎಷ್ಟು, ಶೆಡ್ಡಿನ ಬಾಡಿಗೆ ಎಷ್ಟು, ಸಾಲದ ಬಡ್ಡಿ ಎಷ್ಟು, ಯಂತ್ರದ ಸವಕಳಿ ಎಷ್ಟು, ನಿನ್ನ ಸ್ವಂತ ದುಡಿಮೆಯ ಪಗಾರ ಎಷ್ಟು, ಎಲ್ಲ ಕೂಡಿಸು. ಅದರ ಮೇಲೆ ಲಾಭ ಇಡು. ಅದೇ ನೀನು ಮಾರಬೇಕಾದ ದರ. ಇದಕ್ಕಿಂತ ಕಡಿಮೆಗೆ ಮಾರಿದರೆ ನಿನ್ನದು ಉದ್ಯಮವಲ್ಲ, ಮೂರ್ಖತನ.

ಈ ಪಾಠ ಕಲಿತ ಹುಡುಗ ರಾತ್ರಿ ಮನೆಗೆ ಬಂದು ಅಪ್ಪನನ್ನು ಕೇಳಿದ ಎಂದು ಇಟ್ಟುಕೊಳ್ಳಿ: “ಅಪ್ಪಾ, ನಮ್ಮ ಗೋವಿನಜೋಳಕ್ಕ ದರಾ ಯಾರು ಹಚ್ಚತಾರ?” ಅಪ್ಪ ಏನು ಹೇಳಬೇಕು? “ತಗೊಳ್ಳಾವ ಹಚ್ಚತಾನ, ತಮ್ಮಾ.” ಬೀಜಕ್ಕೆ ದರ ಹಚ್ಚುವವನು ಕಂಪನಿಯವನು. ಔಷಧಿಗೆ, ಡೀಸೆಲ್ಲಿಗೆ ದರ ಹಚ್ಚುವವನು ಮಾರುವವನೇ. ರೈತನೊಬ್ಬನೇ ತಾನು ಕೊಳ್ಳುವುದಕ್ಕೂ ತಾನು ಮಾರುವುದಕ್ಕೂ ಮಂದಿ ಹೇಳಿದ ದರಕ್ಕೆ ತಲೆಯಾಡಿಸಬೇಕು. ಮಗನಿಗೆ ಮೂರ್ಖತನ ಎಂದು ಕಲಿಸಿದ್ದನ್ನೇ ಅಪ್ಪನಿಗೆ ಒಕ್ಕಲುತನ ಎಂದು ಒಪ್ಪಿಸಿದ್ದಾರೆ. ಇದು ಯಾವ ಸೀಮೆಯ ನ್ಯಾಯ?

‘ಬೆಂಬಲ ಬೆಲೆ ಇದೆಯಲ್ಲ’ ಎನ್ನುತ್ತೀರಾ? ಅದರ ಲೆಕ್ಕವನ್ನೂ ನೋಡೋಣ. 2006ರಲ್ಲಿ ಡಾ. ಸ್ವಾಮಿನಾಥನ್ ಅಧ್ಯಕ್ಷತೆಯ ರೈತ ಆಯೋಗ, ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಕೂಡಿಸಿ ಬೆಲೆ ಕೊಡಿ ಎಂದಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಒಂದೂವರೆ ಪಟ್ಟು ಕೊಡುವ ಮಾತು ಆಡಿತು. ಆದರೆ ಯಾವ ಖರ್ಚಿನ ಒಂದೂವರೆ ಪಟ್ಟು? ಬೀಜ, ಗೊಬ್ಬರ, ಆಳಿನ ಕೂಲಿಯಂಥ ಕೈಯಿಂದ ಹೋದ ರೊಕ್ಕ ಮತ್ತು ಮನೆಮಂದಿಯ ದುಡಿಮೆ, ಇಷ್ಟೇ. ನಿಮ್ಮ ಸ್ವಂತ ಹೊಲದ ಬಾಡಿಗೆ ಅದರಲ್ಲಿ ಇಲ್ಲ. ನೀವು ಹೂಡಿದ ಸ್ವಂತ ಬಂಡವಾಳದ ಬಡ್ಡಿಯೂ ಇಲ್ಲ. ಮಗ ತನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಶೆಡ್ಡಿನ ಬಾಡಿಗೆ ಬರೆಯದಿದ್ದರೆ ‘ಲೆಕ್ಕ ತಪ್ಪು’ ಎಂದು ತಿದ್ದುತ್ತಾರೆ. ಅಪ್ಪ ನಾಲ್ಕು ಎಕರೆಯ ಬಾಡಿಗೆ ಬರೆದರೆ ಅದನ್ನು ಹೊಡೆದುಹಾಕುತ್ತಾರೆ!

ಅಷ್ಟು ಕತ್ತರಿಸಿ ಕೊಟ್ಟ ಬೆಲೆಯಾದರೂ ಕೈಗೆ ಸಿಕ್ಕಿತೇ? 2025ರ ಸುಗ್ಗಿಗೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ ಎಂದು ಸಾರಿದ್ದರು. ನವೆಂಬರಿನಲ್ಲಿ ಪೇಟೆಯ ದರ ಎರಡು ಸಾವಿರದ ಕೆಳಗೆ ಬಿತ್ತು. ರೈತರು ಬೀದಿಗೆ ಇಳಿದರು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಪತ್ರ ಹೋಗಿ ಬರುವವರೆಗೆ ಬಡ್ಡಿ ನಿಲ್ಲುತ್ತದೆಯೇ? ಬ್ಯಾಡಗಿಯ ಕಥೆಯನ್ನೂ ನೆನೆಯಿರಿ. ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಜಗತ್ತಿಗೇ ಹೆಸರಾದ ಮಾಲು. ಆದರೂ 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ಎಪಿಎಂಸಿಯಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚುವುದನ್ನು ನಾವು ಒಪ್ಪುವುದಿಲ್ಲ. ಆದರೆ ‘ಒಳ್ಳೇ ಮಾಲು ಬೆಳೀರಿ, ಬ್ರಾಂಡ್ ಮಾಡ್ರಿ, ದರಾ ತಾನ ಬರತೈತಿ’ ಎಂದು ಪಾಠ ಹೇಳುವವರು ಆ ದಿನವನ್ನು ಮರೆಯಬಾರದು.

ಇನ್ನು ಸಾಲದ ಮಾತು. 2008ರಲ್ಲಿ ಶುರುವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ, ಯಾವ ಕೆಲಸಕ್ಕೆ ನೆರವು ಇಲ್ಲ ಎಂಬ ಪಟ್ಟಿಯೇ ಇದೆ. ಬೆಳೆ ಬೆಳೆಯುವುದು ಆ ಪಟ್ಟಿಯಲ್ಲಿ ಸೇರಿದೆ. ಬೆಳೆದದ್ದನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಉದ್ಯಮ, ಬೆಳೆದವನು ಮಾತ್ರ ಉದ್ಯಮಿಯಲ್ಲ! ಸಣ್ಣ ಉದ್ದಿಮೆಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಒತ್ತೆ ಕೇಳಬಾರದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಬ್ಯಾಂಕುಗಳಿಗೆ ಅಪ್ಪಣೆ ಮಾಡಿತು. ಒಕ್ಕಲಿಗನಿಗೆ? ಒತ್ತೆಯಿಲ್ಲದ ಸಾಲದ ಮಿತಿ 1.60 ಲಕ್ಷದಿಂದ 2 ಲಕ್ಷಕ್ಕೆ ಏರಿದ್ದೇ 2025ರ ಜನವರಿ 1ರಂದು. ಮಳೆ, ಹುಳ, ಪೇಟೆ ಮೂರನ್ನೂ ತಲೆಯ ಮೇಲೆ ಹೊತ್ತವನಿಗೆ ಎರಡು ಲಕ್ಷದ ನಂಬಿಕೆ.

ಮಗನ ಉದ್ಯಮದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿರಿ. ಈ ಯೋಜನೆಯ ನಿಯಮದಂತೆ ಹಳ್ಳಿಯ ಸಾಮಾನ್ಯ ವರ್ಗದ ಹುಡುಗ 10 ಲಕ್ಷದ ಘಟಕ ಹಾಕಬೇಕಾದರೆ 1 ಲಕ್ಷ ಕೈಯಿಂದ ಹಾಕಬೇಕು, 9 ಲಕ್ಷ ಬ್ಯಾಂಕಿನದು. ಸಬ್ಸಿಡಿ 25 ಪಾಲು, ಅಂದರೆ ಎರಡೂವರೆ ಲಕ್ಷ. ಆದರೆ ಅದು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಘಟಕ ನಡೆದಿದ್ದರೆ ಮಾತ್ರ ಆಮೇಲೆ ಸಾಲಕ್ಕೆ ಜಮಾ. ಆ ಮೊದಲಿನ 1 ಲಕ್ಷ ಎಲ್ಲಿಂದ ಬರಬೇಕು? ಅಪ್ಪನ ಗೋವಿನಜೋಳದಿಂದಲೇ ಬರಬೇಕು. ಕ್ರಾಸಿನಲ್ಲಿ ಮಗ ಹಾಕಿದ ರಿಪೇರಿ ಅಂಗಡಿಗೆ ಗಿರಾಕಿ ಯಾರು? ಸುತ್ತಲಿನ ರೈತರೇ. ಪೇಟೆಯಲ್ಲಿ ದರ ಬಿದ್ದ ವರ್ಷ ರೈತ ಮೋಟಾರು ರಿಪೇರಿಯನ್ನೂ ಉದ್ರಿ ಬರೆಸುತ್ತಾನೆ, ಮಕ್ಕಳ ಅಂಗಿ ಹೊಲಿಸುವುದನ್ನೂ ಮುಂದಿನ ಹಬ್ಬಕ್ಕೆ ನೂಕುತ್ತಾನೆ. ಆಗ ಮಗನ ಅಂಗಡಿಯೂ ಕಂತು ತಪ್ಪುತ್ತದೆ. ಗೋಡೆಯ ಮೇಲೆ ಮಗನ ಸರ್ಟಿಫಿಕೇಟು, ಬಾಗಿಲಿಗೆ ಅಪ್ಪನ ಹೆಸರಿನ ನೋಟೀಸು.

ಇದು ನಮ್ಮ ಒಬ್ಬರ ಪಾಡಲ್ಲ. ನಮ್ಮಂತೆಯೇ ಒಕ್ಕಲುತನ ನೆಚ್ಚಿದ ಆಫ್ರಿಕದ ದೇಶಗಳಲ್ಲೂ ವಿದ್ಯಾರ್ಥಿಗಳಿಗೆ, ಸಣ್ಣ ಅಂಗಡಿಕಾರರಿಗೆ ಇಂಥ ತರಬೇತಿಗಳು ನಡೆದಿವೆ. ಅಲ್ಲಿ ಒಳ್ಳೆಯದಾಗಿದ್ದೂ ಉಂಟು. ಟೋಗೊ ದೇಶದಲ್ಲಿ ಸುಮಾರು 1500 ಸಣ್ಣ ವ್ಯಾಪಾರಿಗಳನ್ನು ಪರೀಕ್ಷಿಸಿ 2017ರಲ್ಲಿ ಫಲ ಪ್ರಕಟಿಸಿದರು. ಬರೀ ಲೆಕ್ಕಪತ್ರ ಕಲಿತವರ ಲಾಭ ಖಚಿತವಾಗಿ ಹೇಳುವಷ್ಟು ಏರಲಿಲ್ಲ. ತಾವೇ ಮುಂದಾಗಿ ಹೊಸ ದಾರಿ ಹುಡುಕುವುದನ್ನು ಕಲಿತವರ ಲಾಭ ನೂರಕ್ಕೆ 30 ಏರಿತು. ಉಗಾಂಡದ ಉತ್ತರ ಭಾಗದಲ್ಲಿ 2008ರಲ್ಲಿ ಕಸುಬು ಕಲಿಯಲು, ಸಲಕರಣೆ ಕೊಳ್ಳಲು ಯುವಕರ ಗುಂಪುಗಳಿಗೆ ಸಾಲವಲ್ಲ, ನಗದು ನೆರವನ್ನೇ ಕೊಟ್ಟರು. ನಾಲ್ಕು ವರ್ಷಕ್ಕೆ ಅವರ ಗಳಿಕೆ, ನೆರವು ಸಿಗದವರಿಗಿಂತ ನೂರಕ್ಕೆ 38 ಹೆಚ್ಚಾಗಿತ್ತು. ಒಂಬತ್ತು ವರ್ಷಕ್ಕೆ ನೋಡಿದರೆ ಆ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಅಂದರೆ ತರಬೇತಿಯೂ ಬಂಡವಾಳವೂ ಮನುಷ್ಯನನ್ನು ಒಂದು ಮೆಟ್ಟಿಲು ಬೇಗ ಹತ್ತಿಸಬಲ್ಲವು. ಊರಿನ ಗಳಿಕೆಯನ್ನೇ ಎತ್ತುವ ಕೆಲಸ ಅವುಗಳಿಂದ ಆಗುವುದಿಲ್ಲ. ಒಕ್ಕಲುತನವೇ ಆಸರೆಯಾದ ನಮ್ಮ ಊರಿನಲ್ಲಿ ಅದನ್ನು ಎತ್ತುವುದು ಬೆಳೆಯ ಬೆಲೆ.

ಹಾಗಾದರೆ ನಾವು ಏನು ಮಾಡೋಣ?

ಮಗನನ್ನೋ ಮಗಳನ್ನೋ ತರಬೇತಿಗೆ ಕಳಿಸಿರಿ, ತಡೆಯಬೇಡಿರಿ. ಬಂದ ಮೇಲೆ ಅಲ್ಲಿ ಕಲಿತ ಲೆಕ್ಕವನ್ನು ನಿಮ್ಮ ಹೊಲಕ್ಕೇ ಹಾಕಿಸಿರಿ. ಉಳುಮೆಯಿಂದ ಹಮಾಲಿಯವರೆಗೆ, ಹೊಲದ ಬಾಡಿಗೆ, ಸ್ವಂತ ರೊಕ್ಕದ ಬಡ್ಡಿ, ಮನೆಯ ಹೆಣ್ಣುಮಕ್ಕಳ ದುಡಿಮೆ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆಸಿರಿ. ಊರಿನ ಹತ್ತು ಮನೆಯ ಲೆಕ್ಕ ಕೂಡಿದರೆ, ಬೆಲೆ ಕೇಳಲು ಹೋದಾಗ ಅದೇ ನಮ್ಮ ಕೈಯ ಕಾಗದ.

ಎರಡನೆಯದು, ಮಗನ ಉದ್ಯಮಕ್ಕೆ 10 ಲಕ್ಷದೊಳಗಿನ ಸಾಲಕ್ಕೆ ಯಾರಾದರೂ ಹೊಲದ ಉತಾರ ಕೇಳಿದರೆ ಕೊಡಬೇಡಿರಿ. ರಿಸರ್ವ್ ಬ್ಯಾಂಕಿನ ನಿಯಮ ತೋರಿಸಿರಿ. ‘ಇಲ್ಲ’ ಎಂದರೆ ಆ ‘ಇಲ್ಲ’ವನ್ನು ಬರವಣಿಗೆಯಲ್ಲಿ ಕೇಳಿರಿ. ಉತಾರದಲ್ಲಿ ಒಮ್ಮೆ ಬೋಜಾ ಏರಿದರೆ ಇಳಿಸುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿದೆ.

ಮೂರನೆಯದು, ಮುಂದಿನ ಗ್ರಾಮಸಭೆಗೆ ತರಬೇತಿಯವರು ಬಂದಾಗ ಎದ್ದು ನಿಂತು ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳಿರಿ: “ಸಾಹೇಬ್ರ, ಖರ್ಚಿಗಿಂತ ಕಡಿಮಿ ದರಕ್ಕ ಮಾರಬಾರದು ಅಂತ ನಮ್ಮ ಹುಡುಗ್ರಿಗೆ ಕಲಿಸೀರಿ, ಭಾಳ ಚಲೋ ಆತು. ಇದ ಪಾಠ ಸರಕಾರಕ್ಕ ಯಾವಾಗ ಕಲಿಸ್ತೀರಿ?”