ಕಾರಿಗೆ ಜಾಗವಿದೆ, ಸೊಪ್ಪಿನ ಬುಟ್ಟಿಗೆ ಇಲ್ಲವೇ?



ನಮ್ಮ ತಾಲ್ಲೂಕು ಪೇಟೆಯ ವಾರದ ಸಂತೆಯನ್ನು ಊರಾಚೆಗೆ ಎತ್ತಿ ಹಾಕಬೇಕೆಂಬ ಕೂಗು ಜೋರಾಗಿದೆ. ಪೇಟೆ ಬೀದಿಯ ವರ್ತಕರು ಪುರಸಭೆಗೆ ಮನವಿ ಕೊಟ್ಟಿದ್ದಾರೆ. ಸಂತೆಯಿಂದ ರಸ್ತೆ ಕಟ್ಟಿಹೋಗುತ್ತದೆ, ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ, ವ್ಯಾಪಾರ ಬಿದ್ದುಹೋಯಿತು ಅಂತ ಅವರ ದೂರು. ಪುರಸಭೆಯವರೂ ತಲೆ ಆಡಿಸಿದ್ದಾರೆ. ನಮ್ಮನ್ನು ಮಾತ್ರ ಯಾರೂ ಕೇಳಿಲ್ಲ.

ವ್ಯಾಪಾರ ಬಿದ್ದಿರಬಹುದು. ಆದರೆ ಸಂತೆಯಿಂದಲೋ? ಬೆಳಗ್ಗೆ ಹುರುಳಿಕಾಯಿ, ಮೆಣಸಿನಕಾಯಿ ಮಾರಿದ ಹೆಂಗಸು ಆ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ನೇರ ಊರಿಗೆ ಹೋಗ್ತಾಳಾ? ಕಿರಾಣಿ ಅಂಗಡಿಗೆ ಹೋಗುತ್ತಾಳೆ, ಮಗುವಿಗೆ ಚಡ್ಡಿ ಕೊಳ್ಳುತ್ತಾಳೆ, ಔಷಧಿ ಅಂಗಡಿ ಮೆಟ್ಟಿಲು ಹತ್ತುತ್ತಾಳೆ. ಗಂಡ ಗೊಬ್ಬರದಂಗಡಿಯ ಹಳೇ ಬಾಕಿಯಲ್ಲಿ ಒಂದಿಷ್ಟು ತೀರಿಸಿ, ಪಂಪ್‌ಸೆಟ್ಟಿಗೆ ವಾಷರ್ ಕೊಂಡು, ಹೋಟ್ಲಲ್ಲಿ ಇಡ್ಲಿ ತಿಂದು ಬಸ್ಸು ಹತ್ತುತ್ತಾನೆ. ನಮ್ಮ ಬೆವರಿನ ದುಡ್ಡು ಸಂಜೆಯೊಳಗೆ ಇವರದೇ ಗಲ್ಲಾಪೆಟ್ಟಿಗೆ ಸೇರುತ್ತದೆ. ಸಂತೆ ಎರಡು ಮೈಲಿ ಆಚೆಗೆ ಹೋದರೆ ನಾವು ಅಲ್ಲೇ ಮಾರಿ, ಅಲ್ಲೇ ಕೊಂಡು, ಅಲ್ಲಿಂದಲೇ ಮನೆಗೆ. ಇವರು ಖಾಲಿ ರಸ್ತೆ ನೋಡುತ್ತ ಕೂರಬಹುದು. ಇವರಲ್ಲಿ ಎಷ್ಟೋ ಮಂದಿ ನಮ್ಮ ಹಳ್ಳಿಗಳಿಂದಲೇ ಹೋದವರು, ಇಷ್ಟು ಬೇಗ ಮರೆತರೇ?

ಇನ್ನು ಗಾಡಿ ವಿಷಯ. ಬೆಳಗ್ಗೆ ಹತ್ತಕ್ಕೆ ಹೋಗಿ ನೋಡಿ. ಅಂಗಡಿಗಳ ಮುಂದಿನ ಕಾರು, ಸ್ಕೂಟರುಗಳಲ್ಲಿ ಎಷ್ಟೋ ಅಂಗಡಿಯವರದೇ. ಬಾಗಿಲು ತೆಗೆಯುವಾಗ ನಿಲ್ಲಿಸಿದ್ದು ರಾತ್ರಿ ಮುಚ್ಚುವವರೆಗೆ ಕದಲುವುದಿಲ್ಲ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ನೆಲ ಬೇಕು. ಅಷ್ಟರಲ್ಲಿ ನಾಲ್ಕು ಜನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಕೂತ ನೆಲಕ್ಕೆ ನಾವು ಸುಂಕ ಕೊಡುತ್ತೇವೆ. ಆ ಸುಂಕದ ಹರಾಜಿನಿಂದ ಪುರಸಭೆಗೆ ಹಣ ಬರುತ್ತದೆ. ಕಾರಿನವನು ಏನು ಕೊಡುತ್ತಾನೆ? ಒಂದು ಪೈಸೆ ಇಲ್ಲ. ದುಡಿಯೋನಿಗೆ ಸುಂಕ, ನಿಂತ ಕಬ್ಬಿಣಕ್ಕೆ ಮಾಫಿ!

ಸಂತೆ ತಪ್ಪಿದರೆ ನಮಗೆ ಉಳಿಯುವುದು ಮಂಡಿ. ದಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕು, ರೈತನಿಂದಲ್ಲ ಎಂದು ನಮ್ಮ ರಾಜ್ಯದ ಎ.ಪಿ.ಎಂ.ಸಿ. ಕಾನೂನು ಹೇಳುತ್ತದೆ. ಆದರೂ ಎಷ್ಟೋ ತರಕಾರಿ ಮಂಡಿಗಳಲ್ಲಿ ಬಿಳಿ ಚೀಟಿ ಬರೆದು ರೈತನ ಹಣದಲ್ಲೇ ಮುರಿದುಕೊಳ್ಳುತ್ತಾರೆ. ಆ ಮಂಡಿಯವನ ಹತ್ತಿರವೇ ಬೀಜಕ್ಕೆ ಮುಂಗಡ ತಂದಿದ್ದರಂತೂ ಬೆಲೆ ಕೇಳಲು ಬಾಯಿಯೇ ಬರುವುದಿಲ್ಲ. ವಾರಕ್ಕೊಮ್ಮೆ ಕೈಗೆ ಸಿಗುವ ಸಂತೆ ದುಡ್ಡೇ ಎಷ್ಟೋ ಮನೆಗಳನ್ನು ಈ ಸಾಲದಿಂದ ದೂರ ಇಟ್ಟಿದೆ.

ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲೇ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಒಳ್ಳೆಯದೇ. ಆದರೆ ಪ್ರಮಾಣಪತ್ರ ಬೇಕಾದವನು ತನಗೆ ಬೇರೆ ಜೀವನೋಪಾಯವಿಲ್ಲ ಎಂದು ಬರೆದುಕೊಡಬೇಕು. ಎರಡೆಕರೆ ಪಹಣಿ ಇರುವ ರೈತ ಹೇಗೆ ಬರೆದುಕೊಟ್ಟಾನು? ಪಕ್ಕದ ಆಂಧ್ರದಲ್ಲಿ 1999ರಲ್ಲೇ ರೈತು ಬಜಾರ್ ಆಯಿತು, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ. ಅಲ್ಲಿ ರೈತನೆಂಬ ಗುರುತಿನ ಚೀಟಿಯೇ ಕೂರಲು ಹಕ್ಕು. ಇಲ್ಲಿ ಪಹಣಿಯೇ ನಮಗೆ ಅಡ್ಡ.

ನಾವು ಕೇಳುವುದು ದೊಡ್ಡದೇನಲ್ಲ. ಸಂತೆ ದಿನ ಮಧ್ಯಾಹ್ನದವರೆಗೆ ಆ ಬೀದಿಗೆ ಕಾರು ಬೇಡ. ಉಳಿದ ದಿನ ನಿಲ್ಲುವ ಕಾರಿಗೆ ಗಂಟೆ ಲೆಕ್ಕದಲ್ಲಿ ಸುಂಕ ಹಾಕಲಿ. ಬೆಳೆದು ತರುವ ರೈತನಿಗೆ ಸಂತೆಯಲ್ಲಿ ಗುರುತಿನ ಚೀಟಿ ಕೊಡಲಿ.

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ: 50 ವರ್ಷಕ್ಕೂ ಮಿಕ್ಕಿ ಬೀದಿ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕವೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಕೂಡದು. ನಮ್ಮ ಸಂತೆ ಅದಕ್ಕಿಂತ ಹಳೆಯದು. ಸಾಕ್ಷಿ ಬೇಕು. ಅಪ್ಪ, ಅಜ್ಜಂದಿರ ಕಾಲದ ಸುಂಕದ ಚೀಟಿ ಟ್ರಂಕಿನಲ್ಲಿದ್ದರೆ ಹುಡುಕಿ, ಮುಂದಿನ ಸಂತೆಗೆ ತನ್ನಿ. ಅಂದು ಹನ್ನೊಂದು ಗಂಟೆಗೆ ಎಲ್ಲರೂ ಸೇರಿ ಪುರಸಭೆಗೆ ಹೋಗೋಣ.